ತಲೆ ಈಚೆ ಬಂದ ಮೇಲೂ

"ಮೆಷಿನ್ ಆಗಲೇ ನಿಲ್ಲಿಸಿದ್ದೀನಿ ಮಾರಾಯ, ನೀನ್ಯಾಕೆ ಇನ್ನೂ ಮುಂದೆ ಮುಂದೆ ಹೋಗ್ತಿದ್ದೀಯ?" ಅಂದರು ಭಾವ, ವಾಕಿಟಾಕಿಯಲ್ಲಿ.

ರಸ್ತೆಯಾಚೆ ಕೂತು ನೆಲದಡಿ ಅಡ್ಡಕ್ಕೆ ಕೊರೆಯುವವರು ಅವರು. ಕೊರೆಯುವ ತಲೆಯೊಳಗಿನ ಸಿಗ್ನಲ್ಲನ್ನು ಕೈಯಂತ್ರದಲ್ಲಿ ಹಿಡಿದು ಮೇಲೆ ಹಿಂಬಾಲಿಸುವವನು ನಾನು. ಸಿಗ್ನಲ್ ನಿಂತಿರಲಿಲ್ಲ, ಮುಂದಕ್ಕೆ ಸರಿಯುತ್ತಲೇ ಇತ್ತು. ಮುಂದೆ ಗ್ಯಾಸ್ ಪೈಪು; ತಗುಲಿದರೆ ಬೀದಿಗೆ ಬೀದಿಯೇ ಹೋಗುತ್ತದೆ.

"ಭಾವ, ವಾಪಸ್ ಎಳೆದುಬಿಡಿ."

ಎಳೆದರು. ಮಟಮಟ ಮಧ್ಯಾಹ್ನ, ಆದರೂ ಬೂಟಿನೊಳಗೆ ನನ್ನ ಅಂಗಾಲು ತಣ್ಣಗಾಗುತ್ತಿತ್ತು.

"ತಲೆ ಈಚೆ ಬಂತು. ನನ್ನ ಕಾಲ ಬುಡದಲ್ಲೇ ಬಿದ್ದಿದೆ, ಸಿಗ್ನಲ್ ಕೊಡೋ ಬ್ಯಾಟರೀನೂ ತೆಗೆದೆ. ನಿಮ್ಮಕ್ಕನಿಗೆ ಹೇಳಿ ನಿನಗೊಂದು ಕನ್ನಡಕ ಹಾಕಿಸ್ತೀನಿ ಇರು."

"ಭಾವ, ಇದು ಗ್ಯಾಸ್ ಪೈಪು ದಾಟಿತು."

ಕೈಯಂತ್ರದಲ್ಲಿ ಆಳದ ಅಂಕಿ ಕಡಿಮೆಯಾಗುತ್ತಾ ಆಗುತ್ತಾ, ನನ್ನ ಬೂಟಿನಡಿ ಸೊನ್ನೆಗೆ ಬಂದು ನಿಂತಿತು.