ಗೋಡೆಯ ಮೇಲೆ ಎರಡು ಅಂಗೈ

ಇನೇಸಳ ಅಂಗೈಯನ್ನು ಗುರುತಿಸಲು ಡುವಾರ್ಟೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಿರುಬೆರಳು ಸೊಟ್ಟಗೆ ಹೊರಕ್ಕೆ ವಾಲಿತ್ತು. ಗಾಯಗೊಂಡ ಪೆಲಿಕನ್ ಹಕ್ಕಿಯೊಂದಕ್ಕೆ ಔಷಧಿ ನುಂಗಿಸಲು ಹೋಗಿ ಅವಳು ಮುರಿದುಕೊಂಡ ಬೆರಳು ಅದು. ಅವತ್ತು ಆಸ್ಪತ್ರೆಗೆ ಕರೆದುಕೊಂಡು ಹೋದವನು ಇವನೇ.

ಈಗ ಅದೇ ಅಂಗೈ ಹಳೆಯ ಸಾರ್ಡಿನ್ ಮೀನಿನ ಕಾರ್ಖಾನೆಯ ಗೋಡೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಪಕ್ಕದಲ್ಲೇ, ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಿಕೊಂಡು, ಇನ್ನೊಂದು ಅಂಗೈ. ಉದ್ದ ಬೆರಳುಗಳದು, ಗಂಡಸಿನದು.

ಸಾಂತಾ ಇರೀಯಾ ಎಂಬ ಆ ಕಡಲತೀರದ ಊರಿನಲ್ಲಿ ಅಷ್ಟು ಉದ್ದ ಬೆರಳಿನ ಗಂಡಸು ಒಬ್ಬನೇ ಇದ್ದ. ಅವನೂ ಊರಿನವನಲ್ಲ.

ಲೂಸಿಯನ್ ಎಂಬ ಆ ಚಿತ್ರಗಾರನನ್ನು ಊರಿನ ಸಮಿತಿಯೇ ದೂರದ ಫಿಲಡೆಲ್ಫಿಯಾದಿಂದ ಕರೆಸಿತ್ತು. ಅವನು ಬರೆಯಬೇಕಿದ್ದುದು ಇಷ್ಟು: ಗೋಡೆಯ ಎಡಕ್ಕೆ ಪೆಲಿಕನ್‌ಗಳು, ಕಡಲ ನೀರುನಾಯಿಗಳು. ನಡುವೆ ಅಸೋರ್ಸ್ ದ್ವೀಪಗಳಿಂದ ಬಂದಿಳಿದ ಹಿರಿಯರು, ತಲೆಗೆ ಬಟ್ಟೆ ಕಟ್ಟಿಕೊಂಡು ಮೀನು ಡಬ್ಬಿಗೆ ತುಂಬಿದ ಹೆಂಗಸರು. ಬಲಕ್ಕೆ ಊರಿನ ಕಲಾವಿದರು: ಗಿಟಾರು ನುಡಿಸುವವರು, ಲೇಸು ಹೆಣೆಯುವವರು. ದೋಣಿಗಳ ಮೇಲೆ ಹೆಸರು ಬರೆಯುವ ಡುವಾರ್ಟೆಯನ್ನೂ ಅಲ್ಲಿ ಸೇರಿಸೋಣವೆಂದು ಸಮಿತಿ ಕೇಳಿತ್ತು. "ನಾನಿನ್ನೂ ಸತ್ತಿಲ್ಲ" ಎಂದು ಅವನು ಹೇಳಿ ಕಳಿಸಿದ್ದ.

ಲೂಸಿಯನ್ ಮಾಡಿದ ಮೊದಲ ಕೆಲಸ ಚಿತ್ರ ಬರೆಯುವುದಲ್ಲ. ಭಾನುವಾರ ಊರವರನ್ನೆಲ್ಲ ಕರೆದು, ಕುಂಚ ಕೊಟ್ಟು, ಗೋಡೆಯ ಮೇಲೆ ಮನಸ್ಸಿಗೆ ಬಂದದ್ದನ್ನು ಗೀಚಿ ಎಂದ. ಗೋಡೆ ಮೇಲೆ ಗೀಚಬೇಡಿ ಎಂದು ಬೈಸಿಕೊಂಡೇ ಬೆಳೆದ ಊರು ಅದು. ಸಂಜೆಯ ಹೊತ್ತಿಗೆ ಮೀನು, ಲಂಗರು, ಬಾಳೆಹಣ್ಣು, ಸುಳಿ, ಅಂಗೈಗಳಿಂದ ಗೋಡೆ ಗಿಜಿಗುಟ್ಟುತ್ತಿತ್ತು. ಡುವಾರ್ಟೆ ಮಾತ್ರ ಹೋಗಿರಲಿಲ್ಲ. ಗೋಡೆಗೆ ಮೊದಲು ಬಿಳಿ ಬಳಿಯಬೇಕು, ಆಮೇಲೆ ಅಳತೆ, ಆಮೇಲೆ ಗೆರೆ; ಅವನು ಕಲಿತ ವಿದ್ಯೆ ಅದು. ಗೀಚುವುದೆಲ್ಲ ಉದ್ಘಾಟನೆಯ ಮೋಜು, ಬಲೂನು ಹಾರಿಸಿದ ಹಾಗೆ, ಎಂದುಕೊಂಡಿದ್ದ.

"ಏನು, ಅಷ್ಟು ಹತ್ತಿರ ಹೋಗಿ ನೋಡ್ತಿದ್ದೀಯ? ಮೂಗಿಗೆ ಬಣ್ಣ ಹತ್ತುತ್ತೆ."

ಇನೇಸ್ ಬೆನ್ನ ಹಿಂದೆ ನಿಂತಿದ್ದಳು. ಕೈಯಲ್ಲಿ ಮೀನಿನ ಬಕೆಟ್ಟು, ಹೆಗಲ ಮೇಲೆ ಹಕ್ಕಿಯ ಪುಕ್ಕ. ಹಕ್ಕಿಗಳ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುವ ಅವಳ ಮೈಯಿಂದ ಸದಾ ಮೀನಿನ ವಾಸನೆ ಬರುತ್ತಿತ್ತು. ಅದು ವಾಸನೆ ಎಂದು ಡುವಾರ್ಟೆಗೆ ಯಾವತ್ತೂ ಅನ್ನಿಸಿರಲಿಲ್ಲ.

"ಗೋಡೆ ನೋಡ್ತಿದ್ದೆ."

"ಭಾನುವಾರ ಇಡೀ ಊರು ಇಲ್ಲಿತ್ತು. ನೀನೊಬ್ಬ ಇರಲಿಲ್ಲ."

"ಕೆಲಸ ಇತ್ತು."

"ಭಾನುವಾರ ಮಧ್ಯಾಹ್ನ ನೀನು ಮಾಡೋ ಕೆಲಸ ಏನು ಅಂತ ನಿನ್ನ ಅಜ್ಜಿ ಹೇಳಿದಾರೆ. ಪಕ್ಕದ ಮನೆವರೆಗೂ ಕೇಳ್ಸುತ್ತಂತೆ ಗೊರಕೆ."

ಅವಳ ಕಣ್ಣಂಚು ನಕ್ಕಿತು. ತುಟಿ ಇನ್ನೂ ನಗಬೇಕೋ ಬೇಡವೋ ಎಂದು ಯೋಚಿಸುತ್ತಿತ್ತು. ಆ ಅರೆಗಳಿಗೆಯ ತಡ ಡುವಾರ್ಟೆಗೆ ಪ್ರಾಣ. ಅಷ್ಟರಲ್ಲಿ ಮೇಲಿನಿಂದ, ಕಬ್ಬಿಣದ ಲಿಫ್ಟಿನಿಂದ, ಒಂದು ದನಿ ಇಳಿದು ಬಂತು.

"ಇನೇಸ್! ಪೆಲಿಕನ್ ಕೊಕ್ಕಿನ ಚೀಲ ಯಾವ ಬಣ್ಣ?"

"ಮರಿ ಮಾಡೋ ಕಾಲದಲ್ಲಿ ಕೆಂಪು!"

"ಎಂಥ ಕೆಂಪು?"

"ನಾಚಿಕೊಂಡ ಹಾಗೆ!"

ಲೂಸಿಯನ್ ನಕ್ಕ. ಅವಳು ಹಣೆಗೆ ಕೈ ಅಡ್ಡ ಹಿಡಿದು, ಕತ್ತು ಹಿಂದಕ್ಕೆ ಬಾಗಿಸಿ ಅವನನ್ನೇ ನೋಡಿದಳು. ಡುವಾರ್ಟೆಯನ್ನು ನೋಡಲು ಅವಳು ಎಂದೂ ಕತ್ತೆತ್ತಬೇಕಾಗಿ ಬಂದಿರಲಿಲ್ಲ. ಇಬ್ಬರದೂ ಒಂದೇ ಎತ್ತರ. ಇದುವರೆಗೆ ಅದೊಂದು ಅನುಕೂಲವೆಂದೇ ಅವನು ತಿಳಿದಿದ್ದ.

ಮನೆಯಲ್ಲಿ ಅವನ ಅಜ್ಜಿ, ವವೊ ಒಲಿಂಡಾ, ಲಿಂಗ್ವೀಸಾ ಸಾಸೇಜು ಹುರಿದು ತಟ್ಟೆಗೆ ಹಾಕುತ್ತ ಸುದ್ದಿಯನ್ನೂ ಜೊತೆಗೇ ಬಡಿಸಿದಳು.

"ಆ ಚಿತ್ರದವನು ಇನೇಸನ್ನ ಜೊತೆಗೆ ಕರೀತಿದಾನಂತೆ."

"ಎಲ್ಲಿಗೆ?"

"ಉತ್ತರದ ಕಡೆಗೆ. ಕಡಲ ತೀರದ ಊರೂರಿಗೂ ಹೋಗಿ ಅಲ್ಲಲ್ಲಿನ ಹಕ್ಕಿ ಬರೀತಾನಂತೆ. ಹಕ್ಕಿ ವಿಷಯ ಹೇಳೋಕೆ ಇವಳು ಬೇಕಂತೆ. ಒಂದು ವರ್ಷ. ಶನಿವಾರದೊಳಗೆ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು."

"ನಿನಗೆ ಯಾರು ಹೇಳಿದ್ದು?"

"ಅವಳೇ. ನಿನ್ನ ಕಿವಿಗೆ ಬೀಳಲಿ ಅಂತಾನೇ ಹೇಳಿರ್ತಾಳೆ. ನಾನೇನು ಪಾದ್ರಿಯಾ, ಗುಟ್ಟು ಇಟ್ಕೊಳ್ಳೋಕೆ?"

ಡುವಾರ್ಟೆ ಚಾಕು ಎತ್ತಿಕೊಂಡ. "ಇಷ್ಟ ಇದ್ರೆ ಹೋಗಲಿ."

"ಆಹಾ, ಎಂಥ ದೊಡ್ಡ ಮನಸ್ಸು! ಮತ್ತೆ ಆ ಸಾಸೇಜನ್ನ ಯಾಕೋ ಹಾಗೆ ತರೀತಿದ್ದೀಯ? ಅದೇನು ಮಾಡಿತು ನಿನಗೆ?"

ಹೊಟ್ಟೆಕಿಚ್ಚಿಗೆ ಒಂದು ಗುಣವಿದೆ. ತನ್ನ ಪ್ರತಿಯೊಂದು ಕೆಲಸಕ್ಕೂ ಅದು ಬಹಳ ಮರ್ಯಾದಸ್ಥ ಕಾರಣ ಕೊಡುತ್ತದೆ. ಎರಡು ಬೆಳಗಿನ ನಂತರ ದಟ್ಟ ಮಂಜಿನಲ್ಲಿ ಡುವಾರ್ಟೆ ಚಿಕ್ಕ ದೋಣಿಯಲ್ಲಿ ಏಣಿ, ರೋಲರು, ಬಿಳಿ ಬಣ್ಣದ ಡಬ್ಬ ಇಟ್ಟುಕೊಂಡು ಕಾರ್ಖಾನೆಯ ಕಡಲ ಬದಿಯಿಂದ ಒಳಗಿಳಿದಾಗ, ಅದು ಕೊಟ್ಟ ಕಾರಣ ಇಷ್ಟೇ: ಗೀಚಿದ್ದೆಲ್ಲ ಹೇಗೂ ಬಣ್ಣದಡಿ ಮುಚ್ಚಿಹೋಗುವಂಥದ್ದು. ನಾಲ್ಕು ದಿನ ಮುಂಚೆ ಎರಡು ಅಂಗೈ ಮುಚ್ಚಿದರೆ ಯಾರಿಗೇನು ನಷ್ಟ?

ಮೊದಲು ಗಂಡಸಿನ ಅಂಗೈ ಬಳಿದ. ಇನೇಸಳ ಅಂಗೈಯ ಮುಂದೆ ರೋಲರು ಸ್ವಲ್ಪ ತಡವರಿಸಿತು. ಒಂಟಿಯಾಗಿ ಉಳಿದ ಅಂಗೈ ಜೊತೆಗಾರನನ್ನು ಹುಡುಕುವಂತೆ ಕಂಡದ್ದೇ, ಅದನ್ನೂ ಬಳಿದ.

ಈಗ ಗೋಡೆಯ ಮೇಲೆ ಬೆಳ್ಳನೆಯ ಚೌಕವೊಂದು ಹೊಳೆಯಿತು. ಅನುಮಾನಕ್ಕೆ ಜಾಗ ಮಾಡಿಕೊಟ್ಟ ಹಾಗೆ ಕಾಣುತ್ತದೆಂದು ಸುತ್ತಲೂ ಒಂದಿಷ್ಟು ಬಳಿದ. ಅಂಚು ಸೊಟ್ಟಗಾಯಿತು. ಸೊಟ್ಟ ಅಂಚು ಬಿಟ್ಟು ಬರುವುದು ಅವನ ಕೈಗೆ ಗೊತ್ತಿರಲಿಲ್ಲ, ನೇರ ಮಾಡಿದ. ನೇರವಾದದ್ದು ಕೆಳಗಿನ ಸಾಲಿಗೆ ಹೊಂದಲಿಲ್ಲ, ಅದನ್ನೂ ಬಳಿದ. ಮಂಜು ತೆಳುವಾಗುವ ಹೊತ್ತಿಗೆ ಗೋಡೆಯ ಎಡಭಾಗವೆಲ್ಲ ಇಸ್ತ್ರಿ ಮಾಡಿದ ಮೇಜುಬಟ್ಟೆಯಂತೆ ಶುಭ್ರವಾಗಿತ್ತು. ಇಂಥ ಅಚ್ಚುಕಟ್ಟಾದ ದುಷ್ಕೃತ್ಯ ಆ ಕರಾವಳಿಯಲ್ಲಿ ಹಿಂದೆ ನಡೆದಿರಲಿಕ್ಕಿಲ್ಲ.

ಬೆಳಗಿನ ಕಾಫಿಯ ಹೊತ್ತಿಗೆ ಅರ್ಧ ಊರು ಗೋಡೆಯ ಮುಂದಿತ್ತು. ಲೂಸಿಯನ್ ಕೈಯಲ್ಲಿ ಫೋನು ಹಿಡಿದು, ಮನೆ ಕಳೆದುಕೊಂಡವನಂತೆ ನಿಂತಿದ್ದ. ಗೀಚಿದ್ದರ ಫೋಟೋದ ಮೇಲೆ ತನ್ನ ಚಿತ್ರವನ್ನು ಕೂರಿಸಿ, ಯಾವ ಗೆರೆ ಯಾವ ಗುರುತಿನ ಮೇಲೆ ಹಾಯಬೇಕೆಂದು ಅದರಲ್ಲೇ ನೋಡಿಕೊಂಡು ಗೋಡೆಗೆ ಇಳಿಸುವುದು ಅವನ ಕ್ರಮ.

"ಇಷ್ಟು ದೊಡ್ಡ ಗೋಡೆ. ಲಿಫ್ಟಿನ ಮೇಲೆ ನಿಂತವನಿಗೆ ಮೂಗಿನ ಮುಂದಿನದು ಮಾತ್ರ ಕಾಣ್ಸುತ್ತೆ," ಎಂದ ಅವನು, ಯಾರನ್ನೂ ಬೈಯದೆ. "ನೀರುನಾಯಿಯ ಮೂಗು ಎಲ್ಲಿ ಬರಬೇಕು ಅಂತ ನನಗೆ ಹೇಳ್ತಿದ್ದಿದ್ದು ಯಾರೋ ಬರೆದ ಬಾಳೆಹಣ್ಣು. ಈಗ ಬಾಳೆಹಣ್ಣೇ ಇಲ್ಲ."

ಜನರ ಹಿಂದೆ ನಿಂತಿದ್ದ ಡುವಾರ್ಟೆಗೆ ಆಗ ಹೊಳೆಯಿತು. ಅದು ಮೋಜಲ್ಲ, ಅಳತೆ. ತಾನು ಅಳಿಸಿದ್ದು ಇನ್ನೊಬ್ಬ ಕೆಲಸಗಾರನ ಅಳತೆಗೋಲನ್ನು.

ಸಮಿತಿಯ ಅಧ್ಯಕ್ಷೆ ಗ್ರಾಸಿಂಡಾ ಸೊಂಟಕ್ಕೆ ಕೈಯಿಟ್ಟಳು. "ಗೇಟಿಗೆ ಬೀಗ ಇತ್ತು. ಕೀಲಿ ಇರೋದು ಎರಡು. ಒಂದು ಲೂಸಿಯನ್ ಹತ್ತಿರ. ಇನ್ನೊಂದು?"

"ನನ್ನ ಹತ್ತಿರ," ಎಂದಳು ಹಕ್ಕಿಗಳ ವಿಷಯ ಹೇಳಲು ದಿನಾ ಬರುತ್ತಿದ್ದ ಇನೇಸ್. "ಬೀಗ ಹಾಕಿದ್ದೂ ನಾನೇ."

ಎಲ್ಲರ ಕಣ್ಣೂ ಅವಳ ಮೇಲೆ. ಅವಳ ಕಿವಿ ಕೆಂಪಾಗುವುದನ್ನು ಡುವಾರ್ಟೆ ದೂರದಿಂದಲೇ ಕಂಡ. ಆಗ ಯಾರೋ ಹೆಂಗಸು ಪಕ್ಕದವಳ ಕಿವಿಯಲ್ಲಿ, ಊರಿಗೆಲ್ಲ ಕೇಳುವ ಹಾಗೆ, ಪಿಸುಗುಟ್ಟಿದಳು: "ಇಬ್ಬರಿಗೂ ಏನೋ ಜಗಳ ಆಗಿರಬೇಕು ಬಿಡು. ಪ್ರೀತಿ ಮಾಡೋರಲ್ಲಿ ಇದೆಲ್ಲ ಇದ್ದದ್ದೇ."

ಡುವಾರ್ಟೆಯ ಬಾಯಿ ಬಿಡಿಸಿದ್ದು ನ್ಯಾಯಪ್ರಜ್ಞೆ ಎಂದು ಬರೆದರೆ ಅವನಿಗೆ ಶೋಭೆ. ಆದರೆ ನಿಜವಾಗಿ ಬಿಡಿಸಿದ್ದು 'ಇಬ್ಬರಿಗೂ' ಎಂಬ ಆ ಒಂದು ಮಾತು.

"ನಾನು ಬಳಿದಿದ್ದು!" ಎಂದ. ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. "ದೋಣಿಯಲ್ಲಿ ಬಂದೆ. ಅವಳಿಗೆ ಏನೂ ಗೊತ್ತಿಲ್ಲ. ಜಗಳಾನೂ ಇಲ್ಲ, ಏನೂ ಇಲ್ಲ."

"ಯಾಕೋ?" ಎಂದಳು ಗ್ರಾಸಿಂಡಾ.

ಡುವಾರ್ಟೆ ತನ್ನ ಚಪ್ಪಲಿ ನೋಡಿಕೊಂಡ. ಊರು ಅವನನ್ನು ನೋಡಿತು, ಇನೇಸಳನ್ನು ನೋಡಿತು, ಲೂಸಿಯನ್‌ನ ಉದ್ದ ಕಾಲುಗಳನ್ನು ನೋಡಿತು. ಹಲವರ ಮುಖದಲ್ಲಿ ಒಟ್ಟಿಗೇ ಬೆಳಕಾಯಿತು.

"ಇದನ್ನೂ ಕೇಳಬೇಕೇನೇ, ಗ್ರಾಸಿಂಡಾ?" ಎಂದಳು ವವೊ ಒಲಿಂಡಾ. "ನಿನ್ನ ಗಂಡ ನಿನಗೋಸ್ಕರ ಏನೂ ಹಾಳು ಮಾಡಲೇ ಇಲ್ವಾ?"

ಎಲ್ಲರೂ ನಕ್ಕರು. ಲೂಸಿಯನ್ ಕೂಡ. ಇನೇಸ್ ನಗಲಿಲ್ಲ. ಕೀಲಿಯನ್ನು ಗ್ರಾಸಿಂಡಾಳ ಕೈಗಿಟ್ಟು, ಹಿಂತಿರುಗಿ ನೋಡದೆ ಹೊರಟುಹೋದಳು. ಆ ಬೆನ್ನನ್ನು ನೋಡುತ್ತ ಡುವಾರ್ಟೆಗೆ ಮೊದಲ ಸಲ ಹೊಟ್ಟೆಕಿಚ್ಚಿನ ಬದಲು ಭಯವಾಯಿತು.

ಶನಿವಾರ ಎಡಭಾಗದ ಮೇಲೆ ಊರು ಮತ್ತೆ ಗೀಚಬೇಕು, ಡುವಾರ್ಟೆ ಎಲ್ಲರಿಗಿಂತ ಮೊದಲು ಗೀಚಬೇಕು ಎಂದು ಸಮಿತಿ ತೀರ್ಪಿತ್ತಿತು. ಅವನು ಬಂದ. ನೀಲಿಯಲ್ಲಿ ಕುಂಚ ಅದ್ದಿದ. ಗೋಡೆಯ ಮುಂದೆ ಬಹಳ ಹೊತ್ತು ನಿಂತು, ಒಂದು ಗೆರೆ ಎಳೆದ.

"ಇದು ಗೀಚಿದ್ದಾ? ರೈಲು ಹಳಿ ಹಾಕಿದ ಹಾಗಿದೆ."

ಇನೇಸ್. ಮೂರು ದಿನದ ಮೇಲೆ ಕೇಳಿದ ದನಿ. ಅವನು ತಿರುಗಲಿಲ್ಲ, ತಿರುಗಿದರೆ ಅವಳು ಹೋಗಿಬಿಡುತ್ತಾಳೇನೋ ಎಂದು.

"ನನ್ನ ಕೈಗೆ ಬರೋದು ಇಷ್ಟೇ."

"ಊರೆಲ್ಲ ನನ್ನನ್ನ ಕಳ್ಳಿ ಥರ ನೋಡ್ತು, ಡುವಾರ್ಟೆ."

"ಗೊತ್ತು. ತಪ್ಪಾಯ್ತು."

"ಒಂದು ಅಂಗೈಗೋಸ್ಕರ! ಅವನು ಅವತ್ತು ಪಾದ್ರಿ ಪಕ್ಕದಲ್ಲೂ ಅಂಗೈ ಒತ್ತಿದ. ನಿನ್ನ ವವೊ ಪಕ್ಕದಲ್ಲೂ ಒತ್ತಿದ. ಅದನ್ನೂ ಬಳಿದುಬಿಟ್ಟಿದ್ದೀಯ, ನೋಡ್ಕೊಂಡೆಯಾ?"

"ನಿನ್ನದೊಂದೇ ಕಾಣಿಸ್ತು."

ಕಡಲ ಗಾಳಿಗೆ ಅವಳ ಕೂದಲಿನೊಂದು ಎಳೆ ಅವನ ತೋಳಿಗೆ ತಾಗಿ ಹೋಯಿತು.

"ಅವನು ಬಾ ಅಂದ," ಎಂದಳು ನಿಧಾನವಾಗಿ. "ಕೆಲಸ ಅಂದ. ಕೆಲಸ ಒಂದೇ ಅಲ್ಲ ಅಂತ ಅವನ ಕಣ್ಣು ನೋಡಿದ್ರೆ ಗೊತ್ತಾಗುತ್ತೆ. ಒಳ್ಳೆಯವನು. ತಮಾಷೆಯಾಗಿ ಮಾತಾಡ್ತಾನೆ. ಬೇಕಾದ್ದನ್ನ ಬಾಯಿ ಬಿಟ್ಟು ಕೇಳ್ತಾನೆ."

ಪ್ರತಿ ಮಾತಿಗೂ ಡುವಾರ್ಟೆಯ ಕುಂಚದಿಂದ ಒಂದು ಹನಿ ನೀಲಿ ನೆಲಕ್ಕೆ ಬೀಳುತ್ತಿತ್ತು.

"ನೀನು ಇಷ್ಟು ವರ್ಷದಲ್ಲಿ ನನ್ನ ಬೆರಳಿಗೆ ಪಟ್ಟಿ ಹಾಕಿಸಿದೆ, ನನ್ನ ಸೂರು ರಿಪೇರಿ ಮಾಡಿದೆ, ನನ್ನ ಮಾತಾಡಿಸಿದ ಪ್ರತಿ ಗಂಡಸಿನ ಮೇಲೂ ಕಣ್ಣು ಕೆಂಪು ಮಾಡಿದೆ. ಬಂದೋರನ್ನೆಲ್ಲ ಹೋಗು ಹೋಗು ಅಂತಲೇ ನೋಡಿದೆ. ನನಗೆ ಇರು ಅಂತ ಒಂದು ಸಲಾನೂ ಹೇಳಲಿಲ್ಲ."

"ಇರು," ಎಂದ ಡುವಾರ್ಟೆ, ಗೋಡೆಗೆ.

"ಯಾರಿಗೆ ಹೇಳಿದ್ದು? ಗೋಡೆ ಎಲ್ಲಿಗೂ ಹೋಗಲ್ಲ."

ಅವನು ತಿರುಗಿದ. ಅವಳ ಕಣ್ಣು ಅವನ ಕಣ್ಣಿಗೆ ಸಮಕ್ಕೆ, ನೇರವಾಗಿ, ತಪ್ಪಿಸಿಕೊಳ್ಳಲು ಜಾಗವಿಲ್ಲದಷ್ಟು ಹತ್ತಿರವಿತ್ತು.

"ಇರು, ಇನೇಸ್. ಹೋಗಬೇಡ. ನೀನು ಹೋದ್ರೆ ನಾನು... ನನಗೆ ಆಗಲ್ಲ. ನೀನಂದ್ರೆ ನನಗೆ ಇಷ್ಟ. ತುಂಬಾ. ಎಷ್ಟು ಅಂದ್ರೆ, ನೋಡು, ಇಷ್ಟು," ಎಂದು ಗೋಡೆಯ ಬಿಳುಪನ್ನು ತೋರಿಸಿದ.

ಅವಳು ತಿರುಗಿ, ಗೋಡೆಯ ಆ ತುದಿಯಲ್ಲಿದ್ದ ಲೂಸಿಯನ್ ಕಡೆಗೆ ನಡೆದಳು.

ಡುವಾರ್ಟೆಗೆ ಮಾತು ಕೇಳಿಸಲಿಲ್ಲ. ಕಂಡದ್ದಿಷ್ಟು: ಅವಳು ಹೇಳಿದಳು. ಲೂಸಿಯನ್ ತಲೆ ತಗ್ಗಿಸಿದ. ಆಮೇಲೆ ತಲೆಯೆತ್ತಿ ನಕ್ಕ. ಆಮೇಲೆ ಅವಳನ್ನು ತಬ್ಬಿಕೊಂಡ. ತಬ್ಬಿಕೊಂಡೇ ನಿಂತ. ಡುವಾರ್ಟೆಯ ಕೈ ತಾನಾಗಿ ಗೋಡೆಯ ಮೇಲೆ ಓಡಿ ಸುಳಿ, ಕೊಂಕು, ಮುಳ್ಳುಗಳ ಒಂದು ಭಯಂಕರ ಗೀಚು ಗೀಚಿತು.

ಅವಳು ವಾಪಸ್ಸು ಬಂದಳು. ಕಣ್ಣು ಒದ್ದೆಯಾಗಿತ್ತು.

"ಏನಂತೆ?" ಎಂದ ಡುವಾರ್ಟೆ.

"ನಿನ್ನ ಜೊತೆ ಚೆನ್ನಾಗಿರು ಅಂದ."

"ಅಷ್ಟು ಹೇಳೋಕೆ ಅಷ್ಟು ಹೊತ್ತು ತಬ್ಕೋಬೇಕಾ?"

"ಪಾಪ, ಹೋಗೋನು ಅವನು. ಅಷ್ಟರಲ್ಲೇ ಮುಗಿಸ್ಕೊಂಡ." ಅವಳು ಅವನ ಕೈಯಿಂದ ಕುಂಚ ತೆಗೆದು ಡಬ್ಬದಲ್ಲಿಟ್ಟಳು. ಅವನ ಅಂಗಿಯ ಹಸಿ ನೀಲಿಯನ್ನು ಲೆಕ್ಕಿಸದೆ ಅವನ ಕತ್ತಿಗೆ ಎರಡೂ ತೋಳು ಹಾಕಿದಳು. "ನೀನು ಇರೋನು. ಎಷ್ಟು ಹೊತ್ತು ಬೇಕೋ ನೋಡ್ಕೋ."

"ಗೀಚೋದು ಬಿಟ್ಟು ಇದೇನು?" ಎಂದು ಹಿಂದಿನಿಂದ ಗ್ರಾಸಿಂಡಾ ಕೂಗಿದಳು. ಡುವಾರ್ಟೆಗೆ ಕೇಳಿಸಿತು. ಅವನು ಬಿಡಲಿಲ್ಲ.