ಬಾಣಾವರದವರ ಸೀಟು

"ಆ ಸೀಟು ಖಾಲಿ ಇಲ್ಲ ಮೇಡಂ."

ಕೂರಲು ಬಗ್ಗಿದ್ದ ವೇಣಿ ಹಾಗೇ ನಿಂತಳು. ಎದುರಿಗೆ ಕೂತಿದ್ದವನು ಮೂವತ್ತೆರಡು ಮೂವತ್ತಮೂರರ ಪ್ರಾಯದವನು, ತೋಳು ಮಡಿಚಿದ ನೀಲಿ ಅಂಗಿ. ದನಿಯಲ್ಲಿ ಒರಟುತನವೇನೂ ಇರಲಿಲ್ಲ. ಆದರೆ ಬಿಟ್ಟುಕೊಡುವ ಲಕ್ಷಣವೂ ಇರಲಿಲ್ಲ.

ತುಮಕೂರು ಕಡೆಯಿಂದ ಬಂದ ಬೆಳಗಿನ ಪ್ಯಾಸೆಂಜರ್ ಚಿಕ್ಕಬಾಣಾವರ ಬಿಟ್ಟು ಹೊರಟಿತ್ತು. ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಅಷ್ಟು ಜನರ ನಡುವೆ ಕಿಟಕಿ ಪಕ್ಕದ ಆ ಒಂದು ಸೀಟು ಮಾತ್ರ ಖಾಲಿ. ಅದರ ಮೇಲೊಂದು ಕರ್ಚೀಫು.

"ಯಾರೂ ಇಲ್ವಲ್ಲ ಇಲ್ಲಿ?"

"ಇದ್ದಾರೆ. ಬರ್ತಾರೆ."

ವೇಣಿಯ ಕಣ್ಣು ಕರ್ಚೀಫಿನ ಮೇಲೆ ನಿಂತಿತು. ಕಂದು ಬಟ್ಟೆ, ಬಿಳಿ ಚೌಕಳಿ. ಅಂಚಿಗೆ ಕಪ್ಪು ದಾರದ ಹೊಲಿಗೆ. ಒಂದು ಮೂಲೆಯಲ್ಲಿ ಕಪ್ಪು ದಾರ ಸಾಲದೆ ನೀಲಿಯಲ್ಲಿ ಮುಗಿಸಿದ್ದು...

ಅವಳ ಕೈ ಮೇಲಿನ ಕಂಬಿಯನ್ನು ಗಟ್ಟಿಯಾಗಿ ಹಿಡಿಯಿತು.

ಆ ಬಟ್ಟೆ ಅವಳ ಮನೆಯ ಕಿಟಕಿಯ ಪರದೆಯದು. ಪರದೆ ಹೊಲಿದು ಮಿಕ್ಕ ತುಂಡಿನಲ್ಲಿ ಆರು ಕರ್ಚೀಫು ಅವಳೇ ಹೊಲಿದಿದ್ದಳು. ಐದು ಬೀರುವಿನಲ್ಲಿದ್ದವು. ಆರನೆಯದಕ್ಕಾಗಿ ಆರು ತಿಂಗಳು ಮನೆಯೆಲ್ಲ ಹುಡುಕಿದ್ದಳು.

"ಈ ಸೀಟು... ಯಾರದ್ದು?"

"ನಮ್ಮ ಬಾಣಾವರದವರದ್ದು. ಪ್ರಸನ್ನ ಅಂತ. ಕಂಪನಿಯವರು ಹುಬ್ಬಳ್ಳಿಗೆ ಹಾಕಿದ್ದಾರೆ. ನಾನು ಬರೋವರೆಗೂ ಯಾರಿಗೂ ಬಿಡಬೇಡ ಅಂತ ಕರ್ಚೀಫು ಕೊಟ್ಟು ಹೋಗಿದ್ದಾರೆ."

ವೇಣಿಯ ಕಿವಿಯಲ್ಲಿ ಗಾಲಿಗಳ ಸದ್ದೇ ಇಲ್ಲವಾಯಿತು.

"ನಾನು ಪ್ರಸನ್ನ ಅವರ ಹೆಂಡತಿ" ಎಂದಳು.

ಇನ್ನೊಂದು ಮಾತೂ ಹೇಳಬೇಕಿತ್ತು. ಬಾಯಿ ತೆರೆದಳು. ಬರಲಿಲ್ಲ.

ನೀಲಿ ಅಂಗಿಯವನು ತಟ್ಟನೆ ಎದ್ದ. ಪಕ್ಕದಲ್ಲಿದ್ದ ಹಿರಿಯರು, ನರಸಪ್ಪನೆಂದು ಆಮೇಲೆ ತಿಳಿಯಿತು, ತೊಡೆ ತಟ್ಟಿ ನಕ್ಕರು. "ಲೇ ಮುನೀಂದ್ರ, ಸೀಟಿನ ಯಜಮಾನಿಯನ್ನೇ ನಿಲ್ಲಿಸಿಬಿಟ್ಟಲ್ಲೋ. ಕೂತ್ಕೋಮ್ಮ, ಕೂತ್ಕೋ. ಹೆಂಗಿದ್ದಾನೆ ನಮ್ಮ ಹುಡುಗ?"

ಸುತ್ತಲಿನ ಮುಖಗಳೆಲ್ಲ ಅವಳ ಕಡೆ ತಿರುಗಿದವು. ಎಲ್ಲರಿಗೂ ಒಂದೇ ಖುಷಿ.

"ಚೆನ್ನಾಗಿದ್ದಾರೆ."

ಹೇಳಿದ್ದು ತಾನೇ ಎಂದು ವೇಣಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

*

ಪ್ರಸನ್ನ ಸತ್ತದ್ದು ಒಂದು ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಶೇವ್ ಮಾಡಿಕೊಳ್ಳುವಾಗ. ಒಂದು ಕೆನ್ನೆ ನುಣ್ಣಗಿತ್ತು. ಇನ್ನೊಂದರ ಮೇಲೆ ನೊರೆ. ಹೃದಯ ನಿಂತುಹೋಗಿದೆ ಎಂದರು ಡಾಕ್ಟರು. ಅವನಿಗೆ ಮೂವತ್ತನಾಲ್ಕು. ಹುಬ್ಬಳ್ಳಿಗೆಂದು ಕಟ್ಟಿಟ್ಟ ಸೂಟ್‌ಕೇಸು ಬಾಗಿಲ ಬಳಿಯೇ ಇತ್ತು.

ವೇಣಿ ಅಳಲಿಲ್ಲ. ಆಘಾತ, ಆಮೇಲೆ ಅಳುತ್ತಾಳೆ ಎಂದರು ಬಂಧುಗಳು. ಆಮೇಲೂ ಅಳಲಿಲ್ಲ. ಕಾಗದಗಳಿಗೆ ಸಹಿ ಹಾಕಿದಳು, ಬಂದವರಿಗೆ ಕಾಫಿ ಕೊಟ್ಟಳು. ಅವನು ಸತ್ತ ಎಂಬ ಮಾತನ್ನು ಮಾತ್ರ ಅವಳ ಬಾಯಿ ಒಮ್ಮೆಯೂ ಆಡಲಿಲ್ಲ. ಆರು ತಿಂಗಳಾದ ಮೇಲೆ ಮಲ್ಲೇಶ್ವರದ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳುವ ತಾತ್ಕಾಲಿಕ ಕೆಲಸ ಸಿಕ್ಕಿತು. ಆ ಮೊದಲ ದಿನವೇ ಹತ್ತಿದ್ದು ಆ ಬೋಗಿ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಎಲ್ಲರ ಕೈಯಲ್ಲೂ ಮೊಬೈಲಿರಲಿಲ್ಲ. ಚಿಕ್ಕಬಾಣಾವರದಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿರದಿದ್ದರೂ ಅವರು ಯಾವ ರೈಲಿಗೆ ಹೋಗುತ್ತಾರೆಂದು ಗೊತ್ತಿರುತ್ತಿತ್ತು. ಬಾಡಿಗೆ ಮನೆ ಕೇಳಿದರೆ ಓನರು ಮೊದಲು ಹೇಳುವುದು ಸ್ಟೇಷನ್ನಿಗೆ ಎಷ್ಟು ನಿಮಿಷ ಎಂದು. ರೈಲಿನೊಳಗೂ ಹಾಗೇ. ಹತ್ತುವ ಸ್ಟೇಷನ್ನೇ ಗುರುತು. ಪ್ರಸನ್ನ ಬಾಣಾವರ, ಮುನೀಂದ್ರ ದೊಡ್ಡಬೆಲೆ, ನರಸಪ್ಪ ತುಮಕೂರು. ವರ್ಷಗಟ್ಟಲೆ ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡವರಿಗೆ ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿಲ್ಲ. ಯಾರಾದರೂ ಬರುವುದು ನಿಂತರೆ ವರ್ಗವಾಗಿರಬೇಕು ಎಂದುಕೊಳ್ಳುತ್ತಾರೆ. ಸಾವು ಯಾರಿಗೂ ನೆನಪಾಗುವುದಿಲ್ಲ.

ನಾಳೆ ಹೇಳುತ್ತೇನೆ ಎಂದುಕೊಂಡಳು ವೇಣಿ.

ಮಾರನೆಯ ದಿನವೂ ಕಿಟಕಿ ಪಕ್ಕ ಕರ್ಚೀಫು ಹಾಸಿತ್ತು, ಈ ಸಲ ಅವಳಿಗಾಗಿ. ಮುನೀಂದ್ರ ಅದನ್ನು ಮಡಿಚಿ ಅಂಗಿಯ ಜೇಬಿಗಿಟ್ಟುಕೊಂಡು, ಕೂರಿ ಎಂದ. ಅವಳು ಕೂತಳು. ಹೇಳಲಿಲ್ಲ.

*

ಮನೆಯಲ್ಲಿ ಪ್ರಸನ್ನ ಕಾಫಿಯಿಂದ ಊಟದವರೆಗೆ ನಾಲ್ಕು ಮಾತಾಡಿದರೆ ಹೆಚ್ಚು. ಎರಡು ವರ್ಷದ ಸಂಸಾರದಲ್ಲಿ, ನನ್ನ ಜೊತೆ ಇವರಿಗೆ ಮಾತೇ ಇಲ್ಲವೇನೋ ಎಂದು ಎಷ್ಟೋ ಸಲ ಅವಳಿಗೆ ಅನ್ನಿಸಿತ್ತು.

ರೈಲಿನವರು ಹೇಳುವ ಪ್ರಸನ್ನನೇ ಬೇರೆ. ಅವನು ಟಿಕೆಟ್ ಕಲೆಕ್ಟರನ ನಡಿಗೆ ಅಣಕಿಸುತ್ತಿದ್ದನಂತೆ. ಸೊಪ್ಪಿನ ಬುಟ್ಟಿಯ ಹೆಂಗಸರಿಗೆ ಅಡ್ಡಹೆಸರಿಟ್ಟು ಬೈಸಿಕೊಳ್ಳುತ್ತಿದ್ದನಂತೆ. ವೇಣಿಗೆ ಒಂದೊಂದೂ ಏಟಿನಂತೆ ಬೀಳುತ್ತಿತ್ತು. ಯಾರ ಜೊತೆ ಸಂಸಾರ ಮಾಡಿದೆ ನಾನು?

ಅವನಿಗೆ ಊರಿನ ಕಥೆ ಹೇಳುವ ಹುಚ್ಚೂ ಇತ್ತಂತೆ. ಮೊದಲಿನಿಂದಲೂ ಒಂಟಿ ಹಳಿ, ಚಿಕ್ಕಬಾಣಾವರದಲ್ಲಿ ರೈಲು ನಿಂತು ಎದುರಿನ ರೈಲಿಗೆ ದಾರಿ ಕೊಡಬೇಕು. ಈ ಊರನ್ನು ಕಟ್ಟಿದ್ದು ಹೋಗುವ ರೈಲಲ್ಲ, ನಿಂತ ರೈಲು ಎನ್ನುತ್ತಿದ್ದನಂತೆ.

ಇತಿಹಾಸದಲ್ಲಿ ಎಂ.ಎ. ಮಾಡಿದ ವೇಣಿಗೆ ಇದು ಗೊತ್ತೇ ಇರಲಿಲ್ಲ. ಸಂಜೆ ಮನೆಯ ಓನರು ಅನುಸೂಯಮ್ಮನನ್ನು ಕೇಳಿದಳು. ಆಕೆಯ ಕುಟುಂಬ ತಲೆಮಾರಿನಿಂದ ಅಲ್ಲಿಯದೇ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಎಂಟು ಬಾಡಿಗೆ ಮನೆಗಳಿದ್ದವು.

"ಊಂ ಮಗಾ. ನಮ್ಮತ್ತೆ ಯೋಳೋರು. ಒಗೆ ಬಂಡಿ ನಿಂತ್ಕಂಡ್ರೆ ಎದುರ್ಗಡೆದು ಬರೋಗಂಟ ಅಲ್ಲಾಡ್ತಿರ್ಲಿಲ್ವಂತೆ. ಒಳಗಿರೋರ್ಗೆ ಅಸಿವಾಗಲ್ವಾ? ಸೌತೆಕಾಯಿ ಮಾರುದ್ರು, ಕಡ್ಲೆಕಾಯಿ ಮಾರುದ್ರು. ಮಾರೋರು ಅಂಗ್ಡಿ ಆಕುದ್ರು, ಅಂಗ್ಡಿ ಇಂದೆ ಮನೆ ಆದ್ವು." ಆಕೆ ಮತ್ತೆ ಹೇಳಿದಳು, "ನಿನ್ ಗಂಡಂಗೂ ಇದೇ ಯೋಳಿದ್ದೆ. ಕಾಂಪೌಂಡಿನ್ ತಾವ ನಿಂತು ಕೇಳ್ತಿದ್ದ, ಸಣ್ಣ ಉಡುಗ್ರಂಗೆ."

ವೇಣಿ ಒಳಗೆ ಬಂದು ಪರದೆ ಹಿಡಿದುಕೊಂಡು ನಿಂತಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ.

ಒಂದು ಬೆಳಿಗ್ಗೆ ಅವಳು ರೈಲಿನಲ್ಲಿ ಪಾಠದ ಪುಸ್ತಕ ನೋಡುತ್ತಿದ್ದಳು. ತಲೆ ಎತ್ತಿದರೆ ಮುನೀಂದ್ರ ನಗುತ್ತಿದ್ದ.

"ಏನು?"

"ನಿಜಾನೇ ಹೇಳಿದ್ದು ಪ್ರಸನ್ನ. ಓದೋವಾಗ ತುಟಿ ಅಲ್ಲಾಡ್ಸ್ತೀರ." ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದ. "ದಿನಾ ಸಂಜೆ ಅದನ್ನ ನೋಡ್ತಾ ಕೂತಿರ್ತೀನಿ ಅಂತಿದ್ದ. ನಾನು ಮಾತಾಡಿದ್ರೆ ನಿಲ್ಲಿಸಿಬಿಡ್ತಾಳೆ, ಅದಕ್ಕೆ ಸುಮ್ನಿರ್ತೀನಿ ಅಂತ."

ವೇಣಿ ಪುಸ್ತಕ ಮುಚ್ಚಿದಳು. ಹಾಗಾದರೆ ಆ ಮೌನವೆಲ್ಲ... ಅದೆಲ್ಲ ಪ್ರೀತಿಯೇ ಆಗಿತ್ತೇ? ಯಶವಂತಪುರ ಬಂತು. ಮುನೀಂದ್ರ ಇಳಿದು ಕಾರ್ಖಾನೆಗೆ ಹೋದ. ಅವನು ಅಲ್ಲಿ ಲೇತ್ ಯಂತ್ರ ನಡೆಸುವ ಟರ್ನರು. ಅವಳು ಮಲ್ಲೇಶ್ವರದಲ್ಲಿ ಇಳಿಯುವುದನ್ನೇ ಮರೆತು ಸಿಟಿ ಸ್ಟೇಷನ್ನಿನವರೆಗೂ ಹೋಗಿಬಿಟ್ಟಳು.

ಹೀಗೆ ನಾಲ್ಕು ತಿಂಗಳಾಯಿತು. ಆ ಬೋಗಿಯಲ್ಲಿ ಪ್ರಸನ್ನ ಹುಬ್ಬಳ್ಳಿಯಲ್ಲಿದ್ದ, ಬಿಸಿಲಿಗೆ ಕಪ್ಪಾಗಿದ್ದ, ಹಬ್ಬಕ್ಕೆ ಬರಲಾಗಿರಲಿಲ್ಲ. ಅವರು ಕೇಳುತ್ತಿದ್ದರು, ಅವಳು ಒಂದೆರಡು ಮಾತಿನಲ್ಲಿ ಉತ್ತರಿಸುತ್ತಿದ್ದಳು. ಇಪ್ಪತ್ತೈದು ನಿಮಿಷದ ಮಟ್ಟಿಗೆ ಅವಳು ಗಂಡ ಇದ್ದವಳು.

ಒಂದು ಸೋಮವಾರ ರೈಲು ಬರುವಾಗ ತನ್ನ ಕಣ್ಣು ನೀಲಿ ಅಂಗಿಯನ್ನು ಹುಡುಕುತ್ತಿರುವುದು ಅವಳಿಗೆ ತಿಳಿಯಿತು. ಕೂತಳು, ಮಾತಾಡಿದಳು, ನಕ್ಕಳು ಕೂಡ. ಅವನು ಇಳಿದುಹೋದ ಮೇಲೆ ಹೊಳೆಯಿತು. ಇವತ್ತು ಹತ್ತಿದಾಗಿನಿಂದ ಪ್ರಸನ್ನನ ನೆನಪೇ ಬಂದಿರಲಿಲ್ಲ.

ಮಲ್ಲೇಶ್ವರ ಬರುವ ಮೊದಲೇ ಎದ್ದು ಬಾಗಿಲಿಗೆ ಹೋಗಿ ನಿಂತಳು.

ಮಾರನೆಯ ದಿನ ಮುನೀಂದ್ರ ಆ ಬೋಗಿಯಲ್ಲಿರಲಿಲ್ಲ. ಕರ್ಚೀಫು ನರಸಪ್ಪನ ಕೈಯಲ್ಲಿತ್ತು. ಬುಧವಾರವೂ ಇಲ್ಲ. ಗುರುವಾರ ಅವನು ಹಿಂದಿನ ಬೋಗಿಯಿಂದ ಇಳಿದು, ಇತ್ತ ತಿರುಗದೆ ಹೋಗುವುದನ್ನು ಕಿಟಕಿಯಿಂದ ಕಂಡಳು.

ನನ್ನ ಸುಳ್ಳು ಗೊತ್ತಾಗಿದೆ. ಸತ್ತ ಗಂಡನನ್ನು ಬದುಕಿಸಿ ಆಟವಾಡಿದವಳು ಎಂದು ಹೇಸಿದ್ದಾನೆ... ಬೇರೆ ಏನಿರಲು ಸಾಧ್ಯ?

ಶನಿವಾರ ಯಶವಂತಪುರ ದಾಟಿದ ಮೇಲೆ ನರಸಪ್ಪ ಬಾಯಿಬಿಟ್ಟರು. ಮುನೀಂದ್ರ ಇವತ್ತು ಅರ್ಧ ದಿನ ಕೆಲಸ ಮುಗಿಸಿ ಹುಬ್ಬಳ್ಳಿ ಪ್ಯಾಸೆಂಜರ್ ಹತ್ತುತ್ತಾನೆ. ಪ್ರಸನ್ನನನ್ನು ಕೈಹಿಡಿದು ಕರೆದುಕೊಂಡೇ ಬರುತ್ತಾನಂತೆ. ನಿನಗೆ ಹೇಳಬೇಡ ಅಂದಿದ್ದ ಕಣಮ್ಮ, ಮನಸ್ಸು ತಡೀಲಿಲ್ಲ ಎಂದರು.

*

ಅಂದು ತರಗತಿಯಲ್ಲಿ ಏನು ಪಾಠ ಮಾಡಿದಳೋ ವೇಣಿಗೆ ತಿಳಿಯದು. ಮಧ್ಯಾಹ್ನ ಮಲ್ಲೇಶ್ವರದಲ್ಲಿ ಹುಬ್ಬಳ್ಳಿ ಪ್ಯಾಸೆಂಜರ್ ಹತ್ತಿದಳು. ಯಶವಂತಪುರದ ಗದ್ದಲದಲ್ಲಿ ಅವನು ಕಾಣಲಿಲ್ಲ. ಬೋಗಿಯಿಂದ ಬೋಗಿಗೆ ಒಳದಾರಿಯಿಲ್ಲ. ಚಿಕ್ಕಬಾಣಾವರದಲ್ಲಿ ರೈಲು ನಿಂತಿತು. ಎದುರಿನ ಎಕ್ಸ್‌ಪ್ರೆಸ್ ದಾಟುವವರೆಗೆ ಅದು ಕದಲುವುದಿಲ್ಲ.

ವೇಣಿ ಇಳಿದು ಓಡಿದಳು. ಒಂದೊಂದೇ ಕಿಟಕಿ ನೋಡುತ್ತ, ಸೌತೆಕಾಯಿ ಬುಟ್ಟಿಗಳನ್ನು ದಾಟುತ್ತ.

ಏಳನೇ ಬೋಗಿಯಲ್ಲಿದ್ದ. ತೊಡೆಯ ಮೇಲೆ ಬ್ಯಾಗು. ಅವಳನ್ನು ಕಂಡು ಅವನ ಮುಖ ಬಿಳಿಚಿತು.

"ಇಳೀರಿ" ಎಂದಳು.

"ಇಲ್ಲ. ನಾಡಿದ್ದು ಬರ್ತೀನಿ, ಅವನನ್ನ ಕರ್ಕೊಂಡು. ಅಮ್ಮ ಅವನಿಗೆ ಅಂತ ಚಕ್ಕುಲಿ ಮಾಡಿಕೊಟ್ಟಿದ್ದಾರೆ."

"ಯಾಕೆ ಹೋಗ್ತಿದ್ದೀರ? ಯಾರು ಹೇಳಿದ್ರು ಹೋಗೋಕೆ?"

ಅವನು ಬಾಗಿಲಿಗೆ ಬಂದ. ಕಂಬಿ ಹಿಡಿದು, ಬಗ್ಗಿ, ಮೆಲ್ಲನೆ ಹೇಳಿದ. "ಅವನು ಬರೋವರೆಗೂ ಸೀಟು ಕಾಯ್ತೀನಿ ಅಂದಿದ್ದೆ. ಈಗ... ಅವನು ಬರದೇ ಇದ್ರೆ ಸಾಕು ಅಂತ ಒಳಗೆಲ್ಲೋ ಅನ್ನಿಸ್ತಿದೆ. ಅಂಥವನು ಆ ಸೀಟಿನ ಎದುರು ಕೂರಬಾರದು. ಅದಕ್ಕೇ ಹೋಗ್ತಿದ್ದೀನಿ. ಬಂದು ಅವನೇ ಕೂತ್ಕೊಳ್ಳಿ."

ವೇಣಿ ಹಳಿಯ ಕಡೆ ನೋಡಿದಳು.

ದೂರದಲ್ಲಿ ಎಕ್ಸ್‌ಪ್ರೆಸ್ಸಿನ ಕೂಗು ಕೇಳಿತು. ಅದು ದಾಟಿದರೆ ಇದು ಹೊರಡುತ್ತದೆ. ಇಲ್ಲದವನನ್ನು ಹುಡುಕುತ್ತ ಇವನು ಹುಬ್ಬಳ್ಳಿಯ ಬೀದಿ ಬೀದಿ ಅಲೆಯುತ್ತಾನೆ, ಕೈಯಲ್ಲಿ ಚಕ್ಕುಲಿ ಹಿಡಿದು. ಹೇಳಿದರೆ ಆ ಬೋಗಿಯಲ್ಲೂ ಪ್ರಸನ್ನ ಸಾಯುತ್ತಾನೆ... ಕೊನೆಯ ಜಾಗ ಅದು.

ಎಕ್ಸ್‌ಪ್ರೆಸ್ ಬಂತು. ಪ್ಲಾಟ್‌ಫಾರಂ ಅದುರಿತು. ಅದು ದಾಟಿಹೋಗುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಸದ್ದು ಅಡಗಿತು.

"ಅವರು ಸತ್ತುಹೋದ್ರು" ಎಂದಳು ವೇಣಿ.

ಅವಳ ಬಾಯಿಂದ ಮೊದಲ ಸಲ.

ಮುನೀಂದ್ರ ಕೆಳಗಿಳಿದ. ಇಳಿದದ್ದು ಅವನಿಗೆ ಗೊತ್ತಿದ್ದಂತಿರಲಿಲ್ಲ. "ಯಾವಾಗ?"

"ನಿಮಗೆ ಕರ್ಚೀಫು ಕೊಟ್ಟ ಮಾರನೇ ದಿನ. ಭಾನುವಾರ."

"ನಾನು ಅದನ್ನ ಮೊದಲ್ನೇ ಸಲ ಹಾಸಿದ್ದು ಸೋಮವಾರ."

"ಹೂಂ."

"ಆವತ್ತಿಗಾಗ್ಲೇ ಅವನು..."

"ಹೂಂ."

ಅವನು ಕಲ್ಲುಬೆಂಚಿನ ಮೇಲೆ ಕುಸಿದ. ಮೊದಲು ಒಂದು ಸದ್ದು ಬಂತು, ಕೆಮ್ಮಿದಂತೆ. ಆಮೇಲೆ ಅತ್ತ. ಮುಖ ಮುಚ್ಚಿಕೊಳ್ಳದೆ, ಸೌತೆಕಾಯಿಯವರೆಲ್ಲ ನೋಡುವಂತೆ, ಗೆಳೆಯನಿಗಾಗಿ ಬಿಕ್ಕಿ ಬಿಕ್ಕಿ ಅತ್ತ.

ಹತ್ತು ತಿಂಗಳು ಅಳದ ವೇಣಿ ಅದನ್ನು ನೋಡುತ್ತ ನಿಂತಿದ್ದಳು. ಕೆನ್ನೆ ಒದ್ದೆಯಾದಾಗ ಏನೆಂದು ಮುಟ್ಟಿ ನೋಡಿಕೊಂಡಳು. ಅವನ ಪಕ್ಕ ಕೂತಳು. ಆಮೇಲೆ ನಿಲ್ಲಿಸಲಾಗಲಿಲ್ಲ.

"ನಾಲ್ಕು ತಿಂಗಳು ದಿನಾ ಕೇಳ್ತಿದ್ವಿ. ಯಾಕೆ ಹೇಳ್ಲಿಲ್ಲ?" ಎಂದ ಕಣ್ಣೊರೆಸಿಕೊಂಡು.

"ಎಲ್ಲ ಕಡೆ ಸತ್ತಿದ್ರು. ನಿಮ್ಮ ಬೋಗಿಯಲ್ಲಿ ಮಾತ್ರ ಇದ್ರು."

ಅವನು ತಲೆಯಾಡಿಸಿದ. ಅಷ್ಟು ಸಾಕಾಯಿತು.

ಎದುರಿನ ಹಳಿ ಖಾಲಿಯಾಗಿತ್ತು. ರೈಲು ಹೊರಟುಹೋದದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ.

"ಬ್ಯಾಗು ಹೋಯ್ತು" ಎಂದ ಮುನೀಂದ್ರ.

"ಚಕ್ಕುಲಿ?"

"ಅದೂನೂ. ಹುಬ್ಬಳ್ಳಿಗೆ."

ಅಳುವಿನ ನಡುವೆಯೇ ವೇಣಿಗೆ ನಗು ಬಂತು.

*

ಸೋಮವಾರ ಬೋಗಿಯಲ್ಲಿ ಎಲ್ಲರೂ ಎದ್ದು ಅವಳಿಗೆ ದಾರಿ ಬಿಟ್ಟರು. ಮುನೀಂದ್ರ ಎಲ್ಲರಿಗೂ ಹೇಳಿದ್ದ. ಇವತ್ತು ಪ್ರಸನ್ನ ಬರುತ್ತಾನೆಂದು ನರಸಪ್ಪ ಕರ್ಚೀಫನ್ನು ಒಗೆದು, ಮಡಿಚಿ ತಂದಿದ್ದರು. ಎರಡೂ ಕೈಯಿಂದ ಕೊಟ್ಟರು. ಅದನ್ನು ಅವಳು ಸಂಜೆ ಆ ಸೂಟ್‌ಕೇಸಿನೊಳಗಿಟ್ಟು, ಪೆಟ್ಟಿಗೆಯನ್ನು ಬಾಗಿಲ ಬಳಿಯಿಂದ ತೆಗೆದು ಅಟ್ಟಕ್ಕೆ ಏರಿಸಿದಳು.

ಮುಂದಿನದು ಅವಸರದಲ್ಲಿ ಆಗಲಿಲ್ಲ. ಮುನೀಂದ್ರ ಏನನ್ನೂ ಕೇಳಲಿಲ್ಲ. ಸಂಜೆ ಒಮ್ಮೊಮ್ಮೆ ಚಿಕ್ಕಬಾಣಾವರದಲ್ಲೇ ಇಳಿದು, ಅವಳನ್ನು ಮನೆಯ ಗೇಟಿನವರೆಗೆ ಬಿಟ್ಟು, ಮುಂದಿನ ರೈಲಿಗೆ ಕಾಯುತ್ತಿದ್ದ. ಅದನ್ನು ಕಂಡ ಅನುಸೂಯಮ್ಮ ಒಂದು ದಿನ, ಆವಯ್ಯನ್ನ ಅಂಗೇ ಕಳಿಸ್ತೀಯಲ್ಲ, ಒಳೀಕೆ ಕರ್ದು ಒಂದು ಲೋಟ ಕಾಪಿ ಕೊಡಬಾರ್ದಾ ಎಂದು ಗದರಿದಳು.

ಪ್ರಸನ್ನ ಸತ್ತು ವರ್ಷ ಕಳೆದ ಮೇಲೆ ಒಂದು ಸಂಜೆ. ವೇಣಿ ಮಲ್ಲೇಶ್ವರದಲ್ಲಿ ಹತ್ತಿದಳು. ಕಿಟಕಿ ಪಕ್ಕ ಕೂತು, ಎದುರಿನ ಸೀಟಿನ ಮೇಲೆ ತನ್ನ ಹಳದಿ ಕರ್ಚೀಫು ಹಾಸಿದಳು. ಜೀವನದಲ್ಲಿ ಅವಳು ಯಾರಿಗೂ ಸೀಟು ಹಿಡಿದವಳಲ್ಲ.

ಒಬ್ಬರು ಬಂದು ಕೇಳಿದರು. "ಯಾರಾದ್ರೂ ಇದ್ದಾರಾ ಮೇಡಂ?"

"ಬರ್ತಾರೆ" ಎಂದಳು.

ಯಶವಂತಪುರ ಬರುವವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳು. ಬರದಿದ್ದರೆ?

ಜನರ ನಡುವೆ ನೀಲಿ ಅಂಗಿ ಕಂಡಿತು. ಮುನೀಂದ್ರ ಕರ್ಚೀಫು ನೋಡಿದ, ಅವಳನ್ನು ನೋಡಿದ, ಕೂರಲಿಲ್ಲ.

"ಯಾರ ಸೀಟು ಇದು?"

"ದೊಡ್ಡಬೆಲೆಯವರದ್ದು."

"ಎಷ್ಟು ದಿನಕ್ಕೆ?"

ವೇಣಿ ಕರ್ಚೀಫು ತೆಗೆದು ಅವನ ಕೈಗಿಟ್ಟಳು. "ಅವರಿಗೆ ಸಾಕಾಗೋವರೆಗೆ."

"ಸಾಕಾಗಲ್ಲ ವೇಣಿ" ಎಂದು ಅವನು ಕೂತ.