ಆರನೆಯ ಸೀಟಿ

ಲ್ಯೂಬ್ಲಿಯಾನಾದ ಆ ಚಾರಣದ ಅಂಗಡಿಯಲ್ಲಿ ಅಲೆಂಕಾಳ ಬಾಯಿಗೆ ಎದುರಿರಲಿಲ್ಲ. ಒಬ್ಬರೇ ಬೆಟ್ಟ ಹತ್ತುತ್ತೇವೆಂದು ಯಾರಾದರೂ ಬಂದರೆ ಸಾಕು, ಹಣೆಗೆ ಕಟ್ಟುವ ದೀಪ, ಮಳೆಯಂಗಿ, ಬ್ಯಾಂಡೇಜು, ನಕ್ಷೆ ಎಲ್ಲವನ್ನೂ ಮೇಜಿನ ಮೇಲೆ ಸುರಿದು ಪಾಠ ಶುರು ಮಾಡುತ್ತಿದ್ದಳು. "ಎಲ್ಲಿಗೆ ಹೋಗ್ತೀನಿ, ಎಷ್ಟೊತ್ತಿಗೆ ಬರ್ತೀನಿ ಅಂತ ಮನೇಲಿ ಹೇಳಿ ಹೊರಡಿ. ಫೋನ್ ಸತ್ರೂ ಸೀಟಿ ಸಾಯಲ್ಲ. ನಿಮಿಷಕ್ಕೆ ಆರು ಸಲ ಊದಿದ್ರೆ ಅಪಾಯ ಅಂತ. ಕೇಳಿದವರು ಮೂರು ಸಲ ಊದಿ ಉತ್ತರ ಕೊಡ್ತಾರೆ."

ಅವಳು ಒಬ್ಬಳೇ ಹತ್ತಿದ್ದ ಅತಿ ಎತ್ತರದ ಜಾಗವೆಂದರೆ ಆ ಅಂಗಡಿಯ ಏಣಿ. ಈ ಸಂಗತಿ ದೇವರಿಗೂ ಅವಳಿಗೂ ಮಾತ್ರ ಗೊತ್ತಿತ್ತು. ಸ್ಲೊವೇನಿಯಾದಲ್ಲಿ ಹುಟ್ಟಿ ಬೆಟ್ಟ ಹತ್ತಿಲ್ಲವೆನ್ನುವುದು ನಾಲ್ಕು ಜನರೆದುರು ಹೇಳಿಕೊಳ್ಳುವ ಮಾತೇ?

ಪ್ರತಿ ಗುರುವಾರ ತಿಲೆನ್ ಬರುತ್ತಿದ್ದ. ಬೆಟ್ಟದ ಮೇಲೆ ಚಾರಣಿಗರಿಗೆ ಸೂಪು, ಹಾಸಿಗೆ ಕೊಡುವ ಮರದ ಮನೆಯೊಂದನ್ನು ನೋಡಿಕೊಳ್ಳುವವನು. ಬಿಸಿಲಿಗೆ ಸುಲಿದ ಮೂಗು. ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ. ಬಂದಾಗಲೆಲ್ಲ ಒಂದು ಸೀಟಿ ಕೊಳ್ಳುತ್ತಿದ್ದ. ಅಲೆಂಕಾ ಪ್ರತಿ ಸಲವೂ ಮೊದಲಿನಿಂದ ಪಾಠ ಒಪ್ಪಿಸುತ್ತಿದ್ದಳು. ಅವನು ಗಲ್ಲಕ್ಕೆ ಕೈಕೊಟ್ಟು, ಸೀಟಿಯೊಂದನ್ನು ಬಿಟ್ಟು ಅವಳ ಕಣ್ಣು, ಕಿವಿಯೋಲೆ, ಕುಣಿಯುವ ಕೈ ಎಲ್ಲವನ್ನೂ ನೋಡುತ್ತ ಕೇಳುತ್ತಿದ್ದ.

ಹನ್ನೊಂದನೆಯ ಸೀಟಿ ಕೊಂಡ ದಿನ ಅವನೆಂದ, "ಭಾನುವಾರ ಮೇಲೆ ಬನ್ನಿ. ನಿಮ್ಮಂಥವರಿಗೆ ಎರಡೂವರೆ ಗಂಟೆ ದಾರಿ. ಒಬ್ರೇ ತಾನೆ?"

"ಮತ್ತೆ? ನಾನು ಯಾವಾಗ್ಲೂ ಒಬ್ಳೇ!"

ಬಾಯಿ ಹೇಳಿಬಿಟ್ಟಿತು. ಹೋಗದಿದ್ದರೆ ಅವನು ಇನ್ನು ಗುರುವಾರ ಬರಲಿಕ್ಕಿಲ್ಲ. ಹೋದರೆ ಬಣ್ಣ ಬಯಲಾಗುತ್ತದೆ, ಆಗಂತೂ ಬರುವುದೇ ಇಲ್ಲ. ಅವನಿಲ್ಲದ ಗುರುವಾರವನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಭಾನುವಾರ ಅರ್ಧ ಅಂಗಡಿಯನ್ನೇ ಬೆನ್ನಿಗೇರಿಸಿಕೊಂಡು ಹೊರಟಳು. ಬೆಟ್ಟ ದೂರಕ್ಕೆ ನುಣ್ಣಗೆ ಎಂಬುದು ಮೊದಲ ಅರ್ಧ ಗಂಟೆಯಲ್ಲೇ ಮನವರಿಕೆಯಾಯಿತು. ಏದುಸಿರು ಬಿಡುತ್ತಿದ್ದವಳ ಹಿಂದಿನಿಂದ ಎಂಬತ್ತರ ಅಜ್ಜಿಯೊಬ್ಬಳು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು.

"ಏನು ಮಗಳೇ, ಮನೆ ಖಾಲಿ ಮಾಡ್ಕೊಂಡು ಹೊರಟ್ಯಾ?"

"ನೀವು ಮುಂದೆ ಹೋಗಿ ಅಜ್ಜಿ," ಎಂದಳು ಅಲೆಂಕಾ.

ಅಜ್ಜಿ ಗಕ್ಕನೆ ನಿಂತಳು. "ಸಾವಿರ ಮೀಟರ್ ಎತ್ತರ ದಾಟಿ ಆಯ್ತು, ಇನ್ನೂ ನೀವು ಗೀವು ಅಂತೀಯಲ್ಲೇ! ಮೇಲೆ ಬಂದ್ಮೇಲೆ ಎಲ್ರೂ ನೀನೇ, ಅದೂ ಗೊತ್ತಿಲ್ವಾ? ಬೆಟ್ಟಕ್ಕೆ ಹೊಸಬಳಾ?"

ಅಲೆಂಕಾ ಕಿವಿಯವರೆಗೂ ಕೆಂಪಾದಳು. ಅಜ್ಜಿ ಮೇಕೆಮರಿಯಂತೆ ಹತ್ತಿ ಮರೆಯಾದಳು.

ಆಮೇಲೆ ಬಂತು ಬಂಡೆ. ಬಂಡೆಗೆ ಬಡಿದ ಉಕ್ಕಿನ ಹಗ್ಗ ಹಿಡಿದು ಮೂವತ್ತು ಹೆಜ್ಜೆ ಅಡ್ಡ ದಾಟಬೇಕು; ಪಕ್ಕದಲ್ಲಿ ಪ್ರಪಾತ. ಅವಳು ಎರಡು ಹೆಜ್ಜೆ ಇಟ್ಟಳು, ಕೆಳಗೆ ನೋಡಿದಳು, ಎರಡು ಹೆಜ್ಜೆ ಹಿಂದೆ ಬಂದು ಕುಕ್ಕರಿಸಿದಳು. ಹಿಂದಿರುಗಲೂ ಕಾಲು ಏಳಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ.

ಸೀಟಿ ತೆಗೆದಳು. ಆರು ಊದಿದರೆ ಅಪಾಯದ ಕರೆ. ಐದಕ್ಕೇ ನಿಲ್ಲಿಸಿದರೆ ಕರೆಯೂ ಅಲ್ಲ, ಮಾನವೂ ಹೋಗುವುದಿಲ್ಲ. ಹೀಗೆ ಲೆಕ್ಕ ಹಾಕಿ ಐದು ಊದಿ ನಿಲ್ಲಿಸಿದಳು. ಆದರೆ ಸೀಟಿ ಇನ್ನೂ ಬಾಯಲ್ಲೇ ಇದ್ದಾಗ ಬಿಕ್ಕಿ ಅಳು ಬಂದು ಆರನೆಯದು ತಾನಾಗಿ ಊದಿಹೋಯಿತು.

ತಕ್ಷಣ, ತೀರ ಹತ್ತಿರದಿಂದಲೇ, ಮೂರು ಸೀಟಿ ಕೇಳಿಸಿತು.

ಬಂಡೆಯ ತಿರುವಿನಿಂದ ತಿಲೆನ್ ಹಗ್ಗ ಹಿಡಿದು ಓಡೋಡಿ ದಾಟಿ ಬಂದ. ಕೈಯೆಲ್ಲ ಕೆಂಪು ಬಣ್ಣ.

"ರಕ್ತ!" ಎಂದು ಚೀರಿದಳು.

"ಪೇಂಟು ಮಾರಾಯ್ತಿ. ದಾರಿ ಗುರುತಿಗೆ ಬಣ್ಣ ಹಚ್ತಿದ್ದೆ. ಬೆಳಗ್ಗೆಯಿಂದ ಒಂದೇ ಗುರುತಿಗೆ ನಾಲ್ಕು ಸಲ ಹಚ್ಚಿದೀನಿ, ನಿನ್ನ ದಾರಿ ಕಾಯ್ತಾ."

ಅಲೆಂಕಾ ಮೂಗು ಒರೆಸಿಕೊಂಡಳು. "ತಿಲೆನ್, ನಾನು ಸುಳ್ಳಿ. ಒಂದು ಬೆಟ್ಟಾನೂ ಹತ್ತಿಲ್ಲ."

"ಗೊತ್ತು. ಎರಡನೇ ಗುರುವಾರಾನೇ ಕೇಳಿದ್ಯಲ್ಲ, ಬೆಟ್ಟದ ಮೇಲಿನ ನಿಮ್ಮ ಮನೆ ಮುಂದೆ ಬಸ್ ನಿಲ್ಲುತ್ತಾ ಅಂತ."

"ಗೊತ್ತಿದ್ದೂ ಒಬ್ಳೇ ಬಾ ಅಂದ್ಯಾ? ಬಿದ್ದು ಸತ್ತಿದ್ರೆ?"

"ಒಬ್ಳೇ ಎಲ್ಲಿ? ಪೆಪ್ಕಾ ಅಜ್ಜಿಯನ್ನ ನಿನ್ನ ಹಿಂದೇನೇ ಕಳಿಸಿದ್ದೆ. ನಿನ್ನ ನಡಿಗೆಗೆ ಬೇಜಾರಾಗಿ ಅವಳು ಮುಂದೆ ಬಂದ್ಬಿಟ್ಲು."

ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ಹನ್ನೊಂದು ಸೀಟಿ ಇಟ್ಕೊಂಡು ನಾನೇನು ಬ್ಯಾಂಡ್ ಕಟ್ಲಾ?" ಎಂದ ಅವನು. ಈಗ ಅವನ ದನಿ ತಗ್ಗಿತ್ತು. "ನಂಗೆ ಸೀಟಿ ಬೇಕಿರ್ಲಿಲ್ಲ ಅಲೆಂಕಾ. ನೀನು ಬೇಕಿದ್ದೆ. ಬಾ, ಕೈ ಕೊಡು, ದಾಟಿಸ್ತೀನಿ."

ಅವಳು ಚಾಚಿದ ಕೈಯನ್ನೂ ನೋಡಿದಳು, ಹಗ್ಗವನ್ನೂ ನೋಡಿದಳು. "ಬೇಡ. ಇದೊಂದಾದ್ರೂ ನಿಜ ಮಾಡ್ತೀನಿ. ನನ್ನ ಚೀಲ ಹೊತ್ಕೊಂಡು ನೀನು ಇಲ್ಲೇ ನಿಂತಿರು."

ಮೂವತ್ತು ಹೆಜ್ಜೆ. ಪ್ರತಿ ಹೆಜ್ಜೆಗೂ ಅವನನ್ನೂ ಅವನ ಬೆಟ್ಟವನ್ನೂ ಬೈದಳು. ಆಚೆ ದಡದಲ್ಲಿ ಕಾಲು ಚಾಚಿ ಕೂತು ಆಕಾಶ ಬಿರಿಯುವಂತೆ ಕೇಕೆ ಹಾಕಿದಳು. ತಿಲೆನ್ ಅರ್ಧ ಅಂಗಡಿಯನ್ನು ಹೊತ್ತು ತಲುಪುವಷ್ಟರಲ್ಲಿ ಬೆವರಿ ತೊಯ್ದಿದ್ದ.

"ಗುರುವಾರ ಬರ್ತೀಯಾ?" ಕೇಳಿಯೇಬಿಟ್ಟಳು.

"ಇಲ್ಲ."

ಅವಳ ಮುಖ ಬಾಡಿತು.

"ಗುರುವಾರದ ತನಕ ಯಾರು ಕಾಯ್ತಾರೆ? ಇಳಿಯೋಕೂ ಇದೇ ಬಂಡೆ ದಾಟ್ಬೇಕು. ಇವತ್ತೇ ನಿನ್ನ ಜೊತೆ ಬರ್ತೀನಿ."

ಅಲೆಂಕಾ ಹಿಂದಿರುಗಿ ಬಂಡೆಯನ್ನು ನೋಡಿದಳು. ಆಮೇಲೆ ಅವನ ಬಣ್ಣದ ಕೈಯನ್ನು ತನ್ನೆರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಗಾದ್ರೆ ನಾನು ಇಳಿಯೋದೇ ಇಲ್ಲ," ಅಂದಳು.